ಹವಾಯಿ ಭಾಷೆ ಬರದವರು ಅಲ್ಲಿನ ಸಾಂಪ್ರದಾಯಿಕ ಹಾಡುಗಳನ್ನು ಕಲಿಯುವುದು ಹೇಗೆ?

ಖಂಡಿತ ಕಲಿಯಬಹುದು, ಆದರೆ ರಾಗಕ್ಕಿಂತ ಮೊದಲು ಉಚ್ಚಾರಣೆ. ಸಾಹಿತ್ಯವನ್ನು ಹಾಡದೆ ಸುಮ್ನೆ ಮಾತಿನ ಹಾಗೆ ನಿಧಾನಕ್ಕೆ ಓದಿ, ಬಾಯಿ ಪಳಗಿದ ಮೇಲೆ ಹಾಡಿ.

ಯಾಕೆ ಅಂದರೆ, ಆ ಭಾಷೆಯಲ್ಲಿ ಐದು ಸ್ವರ, ಎಂಟೇ ವ್ಯಂಜನ. ಒತ್ತಕ್ಷರ ಇಲ್ಲವೇ ಇಲ್ಲ. ಇಷ್ಟು ಕಡಿಮೆ ಧ್ವನಿಗಳಿರುವಾಗ ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡುವ ಭಾರ ಜಾಸ್ತಿ ಬೀಳುವುದು ಎರಡರ ಮೇಲೆ: ಸ್ವರ ಹ್ರಸ್ವವೋ ದೀರ್ಘವೋ, ನಡುವೆ ಓಕಿನಾ ಇದೆಯೋ ಇಲ್ಲವೋ. ಓಕಿನಾ ಅಂದರೆ ಗಂಟಲಲ್ಲಿ ಉಸಿರನ್ನು ಟಕ್ಕನೆ ತಡೆದು ಬಿಡುವುದು. ಅಲ್ಲಿ ಅದೂ ಒಂದು ವ್ಯಂಜನ. 'ಪೌ' ಅಂದರೆ ಮುಗಿಯಿತು. 'ಪಾ' ಅಂದು, ತಡೆದು, 'ಊ' ಅಂದರೆ ಹೂಲಾ ಕುಣಿಯುವವರು ಉಡುವ ಲಂಗ! ಹ್ರಸ್ವ ದೀರ್ಘ ನಮಗೆ ಹೊಸದಲ್ಲ, ಅಲ್ವಾ? ಕಷ್ಟ ಇರುವುದು ಓಕಿನಾದಲ್ಲಿ, ರಾಗ ಎಳೆಯುವ ಭರದಲ್ಲಿ ಅದು ಕರಗಿಹೋಗುತ್ತದೆ.

19ನೇ ಶತಮಾನದ ಮುದ್ರಣದಲ್ಲಿ ದೀರ್ಘವನ್ನೂ ಓಕಿನಾವನ್ನೂ ತೋರಿಸುವ ಗುರುತುಗಳನ್ನು ಹೆಚ್ಚಾಗಿ ಹಾಕುತ್ತಿರಲಿಲ್ಲ, ಹಾಗಾಗಿ ಹಳೇ ಪುಸ್ತಕವನ್ನಷ್ಟೇ ನಂಬದೆ ಆ ಭಾಷೆ ಆಡುವವರ ಧ್ವನಿಮುದ್ರಣವನ್ನು ಕೇಳುತ್ತಾ ಸಾಲು ಸಾಲಾಗಿ ಅನುಸರಿಸಿ.

ಶುರುವಿಗೆ ಹೂಲಾ ಹಾಡುಗಳೇ ಸಲೀಸು. ಸಾಮಾನ್ಯವಾಗಿ ಚರಣಗಳು ಪುಟ್ಟವು, ಎಲ್ಲಕ್ಕೂ ಒಂದೇ ಮಟ್ಟು, ಒಂದೊಂದನ್ನೂ ಎರಡು ಸಲ ಹಾಡುತ್ತಾರೆ. 'ಹ-ಇನ' ಎಂದು ಶುರುವಾಗುವ ಸಾಲು ಬಂತೆಂದರೆ ಹಾಡು ಮುಗಿಯುವ ಹಂತಕ್ಕೆ ಬಂದಿದೆ ಎಂದೇ ತಿಳಿಯಿರಿ.