ಒಂದು ಕಾಳೂ ಚೆಲ್ಲಬಾರದು

ಮಂಡ್ಯದ ಓದುಗರೊಬ್ಬರ ಪತ್ರ: "ಹೋದ ಗಣೇಶನ ಹಬ್ಬಕ್ಕೆ ನಮ್ಮ ಬೀದಿಯ ಹುಡುಗರು ಮನೆಮನೆಯಿಂದ ಅಕ್ಕಿ, ಬೇಳೆ, ರಾಗಿ ತಂದು ನೆಲದ ಮೇಲೆ ದೊಡ್ಡ ಚಿತ್ರ ಮಾಡಿದರು. ಮಾರನೇ ದಿನ ಗುಡಿಸಿ ಮೋರಿ ಪಕ್ಕ ಸುರಿದರು. ಅಮೆರಿಕದಲ್ಲಿ ಆಹಾರ ತುಂಬಿದ ತಗಡಿನ ಡಬ್ಬಿ ಜೋಡಿಸಿ ಕಲೆ ಮಾಡುತ್ತಾರೆಂದು ನೀವು ಹೊಗಳಿ ಬರೆದಿದ್ದೀರಿ. ಹಸಿದವರಿಗೆ ನೇರವಾಗಿ ಕೊಟ್ಟರೆ ಆಗದೇ?"

ನಿಮ್ಮ ಪತ್ರ ಓದಿ ಕರುಳು ಚುರ್ ಅಂತು. ಅನ್ನದ ಅಗುಳು ಕಾಲಿಗೆ ತಾಕಿದರೆ ಎತ್ತಿ ಕಣ್ಣಿಗೊತ್ತಿಕೊಂಡು ಬೆಳೆದವರು ನಾವು. ಭತ್ತದ ನಾಡಲ್ಲೇ ಅಕ್ಕಿಯನ್ನು ಮೋರಿ ಪಕ್ಕ ಸುರಿದಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಆದರೆ ನಾನು ಬರೆದದ್ದು ಬೇರೆಯದೇ ಕೆಲಸದ ಬಗ್ಗೆ. ಕ್ಯಾನ್‌ಸ್ಟ್ರಕ್ಷನ್ ಅಂತ ಅದರ ಹೆಸರು, 1992ರಲ್ಲಿ ಶುರುವಾಯಿತು. ಕಟ್ಟಡ ವಿನ್ಯಾಸ ಮಾಡುವವರು, ಎಂಜಿನಿಯರ್‌ಗಳು, ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಮುಚ್ಚಳ ತೆಗೆಯದ ಡಬ್ಬಿಗಳನ್ನೇ ಇಟ್ಟಿಗೆಯ ಹಾಗೆ ಪೇರಿಸಿ ಆಳೆತ್ತರದ ಆಕೃತಿ ನಿಲ್ಲಿಸುತ್ತಾರೆ. ಪ್ರದರ್ಶನ ಮುಗಿದ ಮೇಲೆ ಡಬ್ಬಿಗಳೆಲ್ಲ ಅದೇ ಊರಿನಲ್ಲಿ ಹಸಿದವರಿಗೆ ಆಹಾರ ಹಂಚುವ ಕೇಂದ್ರಕ್ಕೆ ಹೋಗುತ್ತವೆ.

ನೇರವಾಗಿ ಕೊಡುವವರು ಖಂಡಿತ ಕೊಡಲಿ. ಆದರೆ ಕೊಡಬೇಕು ಅಂತ ನೆನಪೇ ಆಗದವರು ಜಾಸ್ತಿ ಅಲ್ವಾ? ದಸರಾದಲ್ಲಿ ಮೈಸೂರಿನ ಕುಪ್ಪಣ್ಣ ಪಾರ್ಕಿಗೆ ಹೂವಿನ ಆಕೃತಿ ನೋಡಲು ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಾರೆ. ಅಂಥ ಕಡೆ ಬೇಳೆ ಪ್ಯಾಕೆಟ್ಟುಗಳಲ್ಲೇ ಕಟ್ಟಿದ ಕನ್ನಂಬಾಡಿ ಕಟ್ಟೆಯೊಂದು ನಿಂತಿದ್ದರೆ, ಪಕ್ಕದಲ್ಲೇ "ನಿಮ್ಮದೂ ಒಂದು ಇಡಿ" ಅಂತ ಬರೆದಿದ್ದರೆ, ಎಷ್ಟೋ ಕೈ ಜೇಬಿಗೆ ಹೋಗುತ್ತವೆ ಅಂತ ನನಗೆ ನಂಬಿಕೆ.

ಡಬ್ಬಿ ನಮ್ಮ ಅಡುಗೆಮನೆಗೆ ಒಗ್ಗುವುದಿಲ್ಲ, ಬೇಡ. ಒಂದೊಂದು ಕೆಜಿ ಪ್ಯಾಕೆಟ್ ಸಾಕು. ಬಣ್ಣ ಬಳಿಯುವ ಅಗತ್ಯವೇ ಇಲ್ಲ: ತೊಗರಿಬೇಳೆ ಹಳದಿ, ಉದ್ದಿನಬೇಳೆ ಬಿಳಿ, ಹೆಸರುಕಾಳು ಹಸಿರು, ರಾಗಿ ಕೆಂಪು. ಒಂದು ತೊಡಕಿದೆ. ಡಬ್ಬಿ ಭಾರ ತಡೆಯುತ್ತದೆ, ಪ್ಯಾಕೆಟ್ ತಡೆಯುವುದಿಲ್ಲ, ಅಡಿಯದು ಒಡೆಯುತ್ತದೆ. ಹಾಗಾಗಿ ನಾಲ್ಕೈದು ಸಾಲಿಗೊಂದು ಪ್ಲೈವುಡ್ ಹಲಗೆ ಕೊಟ್ಟು, ಭಾರವನ್ನು ಚೌಕಟ್ಟಿಗೆ ಬಿಡಬೇಕು. ಗೋಂದು ಹಚ್ಚಲೇಬಾರದು. ಮಂಡ್ಯ ಅಂದ ಕೂಡಲೇ ಇಟ್ಟಿಗೆಯ ಹಾಗೆ ಪೇರಿಸಲು ಅಚ್ಚುಬೆಲ್ಲ ನೆನಪಾಗುತ್ತದೆ, ಆದರೆ ಮಳೆಗಾಲದ ತೇವಕ್ಕೆ ಅದು ನೀರೊಡೆಯುತ್ತದೆ, ಇರುವೆಯೂ ಬಿಡುವುದಿಲ್ಲ.

ಅಕ್ಕಿಗಿಂತ ಬೇಳೆ, ಎಣ್ಣೆ ಕೇಳಿ ಅಂತ ನಾನು ಒತ್ತಿ ಹೇಳುತ್ತೇನೆ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಪಡಿತರದ ಅಕ್ಕಿ ಬಹಳಷ್ಟು ಬಡವರ ಮನೆ ಸೇರುತ್ತಿದೆ. ಅದರ ಜೊತೆ ಸಾರು ಮಾಡಲು ಬೇಕಾದ ಎಷ್ಟೋ ಸಾಮಾನನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟೇ ತರಬೇಕು. ಇನ್ನು ಹಳ್ಳಿಯಿಂದ ರೋಗಿ ಜೊತೆ ಬಂದು ದೊಡ್ಡಾಸ್ಪತ್ರೆ ಹೊರಗೆ ಮಲಗುವವರಿಗೆ ಒಲೆಯೇ ಇರುವುದಿಲ್ಲ. ಅವರಿಗೆ ಪ್ಯಾಕೆಟ್ ಕೊಟ್ಟು ಏನು ಪ್ರಯೋಜನ? ಆ ಪಾಲು ದಾಸೋಹದ ಅಡುಗೆಮನೆಗೆ ಹೋಗಲಿ.

ಮೊದಲ ಪ್ಯಾಕೆಟ್ ಇಡುವ ಮುಂಚೆಯೇ ಬಿಚ್ಚುವ ದಿನ, ಒಯ್ಯುವ ಗಾಡಿ, ಇಳಿಸಿಕೊಳ್ಳುವವರು ಎಲ್ಲ ಗೊತ್ತಾಗಿರಬೇಕು. ಇಲ್ಲದಿದ್ದರೆ ಕಟ್ಟಬೇಡಿ ಅಂತ ನಾನೇ ಹೇಳುತ್ತೇನೆ.

ನಿಮ್ಮ ಬೀದಿಯ ಹುಡುಗರ ಮೇಲೆ ಸಿಟ್ಟಾಗಬೇಡಿ. ಮನೆಮನೆ ತಿರುಗಿ ಕಾಳು ಕೂಡಿಸಿದವರು ಅವರೇ. ಈ ಸಲ ಗಣೇಶ ಬರುವ ಮುಂಚೆ ಅವರನ್ನು ಕೂರಿಸಿಕೊಂಡು ಮಾತಾಡಿ, ಏನಾಯಿತು ಅಂತ ನನಗೆ ಬರೆಯಿರಿ.