ಗಾಂಜಾ ಬೀಜದ ಪಾಕೀಟಿನ ಮೇಲೆ ‘70% ಸಟೈವಾ’ ಅಂದ್ರೆ ಏನರ್ಥ? ಈ ತಳಿಗಳ ಮೂಲ ಎಲ್ಲಿಯದು?

ಗಾಂಜಾದಲ್ಲಿ ಎತ್ತರದ ಬಗೆಗೆ ಸಟೈವಾ, ಗಿಡ್ಡ ಬಗೆಗೆ ಇಂಡಿಕಾ ಅನ್ನುವುದು ಬೀಜದವರ ರೂಢಿ. ನೀವು ಕೇಳಿದ ಆ 70% ಯಾರೋ ಅಳೆದು ಹೇಳಿದ್ದಲ್ಲ. ತಾಯಿ ಯಾವ ತಳಿ, ತಂದೆ ಯಾವ ತಳಿ ಅಂತ ಬೀಜದವರು ಹೇಳಿದ್ದನ್ನು ಕೂಡಿಸಿ ಭಾಗಿಸಿದ ಅಂದಾಜು ಅಷ್ಟೇ. 2015ರಲ್ಲಿ ಕೆನಡಾದ ಸಂಶೋಧಕರು ಡಿಎನ್‌ಎ ನೋಡಿದಾಗ ಎಷ್ಟೋ ತಳಿಗಳ ಹೆಸರಿಗೂ ಗಿಡಕ್ಕೂ ತಾಳೆಯಾಗಲಿಲ್ಲ.

ನಮ್ಮದು ರಾಣೆಬೆನ್ನೂರು ಕಡೆ, ಹತ್ತಿ ಬೀಜೋತ್ಪಾದನೆ ಮಾಡುವ ಮನೆ. ಗಾಂಜಾ ನಾನು ಬೆಳೆದಿಲ್ಲ. ಲೈಸೆನ್ಸ್ ಇಲ್ಲದೆ ಬೆಳೆದರೆ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆ ಪ್ರಕಾರ ಅಪರಾಧ. ಆದರೆ ತಳಿ ಕೂಡಿಸುವ ಕೆಲಸ ನೋಡುತ್ತಲೇ ಬೆಳೆದವನು. ಮಧ್ಯಾಹ್ನದ ಮೇಲೆ ಅವ್ವ ಕ್ರಾಸಿಂಗ್‌ಗೆ ನಿಂತರೆ, ನಾಳೆ ಅರಳುವ ಮೊಗ್ಗು ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಎಸಳು, ಪರಾಗ ಬಿಡುವ ಕೇಸರ ಎಲ್ಲ ಒಂದೇ ಸುತ್ತಿಗೆ ಬಿಡಿಸುತ್ತಿದ್ದಳು. ನಡುವಿನ ಹೆಣ್ಣು ಎಳೆಗೆ ಉಗುರು ತಾಗಿತೋ, ಆ ಮೊಗ್ಗು ಹೋಯಿತು. ಮೇಲೆ ಕೆಂಪು ಕಾಗದದ ಟೊಪ್ಪಿಗೆ. ಮರುದಿನ ಬೆಳಿಗ್ಗೆ ತಂದೆ ತಳಿಯ ಹೂ ತಂದು ಸವರುವುದು. ಧಾರವಾಡದಲ್ಲಿ 1972ರಲ್ಲಿ ಬಂದ ವರಲಕ್ಷ್ಮಿ ಹತ್ತಿಯೂ ಹೀಗೆ ಕೈಯಲ್ಲೇ ಕೂಡಿಸಿದ್ದು. ತಾಯಿ ಲಕ್ಷ್ಮಿ, ತಂದೆ ಎಸ್‌ಬಿ 289ಇ ಅಂತ ಇವತ್ತಿಗೂ ಹೇಳಬಹುದು. ವಂಶ ಅಂದ್ರೆ ಇಷ್ಟು ಖಚಿತ ಇರಬೇಕು, ಅಲ್ವಾ?

ಗಾಂಜಾದಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಹಾಗಾಗಿ ಕೇಸರ ಕೀಳುವ ಕಷ್ಟ ಇಲ್ಲ. ಆದರೆ ಪರಾಗ ಗಾಳಿಯಲ್ಲಿ ಹಾರುತ್ತದೆ. ಒಂದೇ ಒಂದು ಗಂಡು ಗಿಡ ಕಣ್ತಪ್ಪಿದರೂ ಬೀಜದ ತಂದೆ ಯಾರು ಅಂತ ಹೇಳಲು ಬರುವುದಿಲ್ಲ. ಅದೂ ಅಲ್ಲದೆ ಇದು ಪೊಲೀಸರಿಗೆ ಹೆದರಿ ಬಚ್ಚಿಟ್ಟು ಮಾಡಿದ ಕೆಲಸ. ದಾಖಲೆ ಎಲ್ಲಿಂದ ಬರಬೇಕು?

ಇನ್ನು ಮೂಲ. ಇವತ್ತಿನ ಸಟೈವಾ ಹೈಬ್ರಿಡ್‌ಗಳಲ್ಲಿ ಜಾಸ್ತಿ ಕೇಳಿಬರುವ ಹಿರಿಯ ತಳಿ ‘ಹೇಜ್’. 1970ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು. ಕೊಲಂಬಿಯಾ, ಮೆಕ್ಸಿಕೊ, ಥಾಯ್ಲೆಂಡ್, ದಕ್ಷಿಣ ಭಾರತದ ಜವಾರಿ ಗಿಡಗಳು ಅದರಲ್ಲಿ ಸೇರಿವೆ ಅನ್ನುತ್ತಾರೆ. ಇವೆಲ್ಲ ಬಿಸಿ ನಾಡಿನ ಗಿಡಗಳು, ಇವಕ್ಕೆ ಅವಸರ ಇಲ್ಲ. ಎತ್ತರಕ್ಕೆ ಹೋಗುತ್ತವೆ, ಹೂ ಮಾಗಲು 12 ವಾರಕ್ಕೂ ಜಾಸ್ತಿ ಹಿಡಿಯುತ್ತದೆ. ಅಫ್ಘಾನಿಸ್ತಾನದ ಗಿಡ ಗಿಡ್ಡ, ಎಲೆ ಅಗಲ. ಚಳಿ ಬೀಳುವುದರೊಳಗೆ ಮುಗಿಸಬೇಕಲ್ಲ, ಸುಮಾರು 8 ವಾರಕ್ಕೇ ಮಾಗುತ್ತದೆ. ಬೇಗ ಕೊಯ್ಲಿಗೆ ಬರಲಿ ಅಂತ ಇವೆರಡನ್ನೂ ಕೂಡಿಸಿದರು. ‘30% ಇಂಡಿಕಾ’ ಅಂತ ಬರೆಯುವುದು ಸಾಮಾನ್ಯವಾಗಿ ಈ ಅಫ್ಘಾನಿ ಪಾಲಿಗೆ.

ಹೆಸರೂ ಅದಲುಬದಲಾಗಿದೆ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಸಟೈವಾ ಅಂದಿದ್ದು ಯುರೋಪಿನಲ್ಲಿ ನಾರಿಗೆ ಬೆಳೆಯುತ್ತಿದ್ದ ಗಿಡಕ್ಕೆ. 1785ರಲ್ಲಿ ಇನ್ನೊಬ್ಬ ವಿಜ್ಞಾನಿ ಲಮಾರ್ಕ್ ಇಂಡಿಕಾ ಅಂದಿದ್ದು ಭಾರತದ ಗಿಡಕ್ಕೆ. ಅಂದರೆ ದಕ್ಷಿಣ ಭಾರತದ ಆ ಎತ್ತರದ ಜವಾರಿ ಗಿಡ ಲಮಾರ್ಕ್ ಲೆಕ್ಕದಲ್ಲಿ ಇಂಡಿಕಾ, ಬೀಜದ ಪಾಕೀಟಿನ ಮೇಲೆ ಸಟೈವಾ.