ಯಾರು ಹಂಚಿದರು ಎಂದು ಬರೆಯಿರಿ

ಪ್ರಿಯರೇ,

ಉತ್ತೇಜಕ ಮಾದಕವಸ್ತುಗಳ ಚರಿತ್ರೆ ಮತ್ತು ಅಪಾಯಗಳ ಕುರಿತ ನಿಮ್ಮ ಲೇಖನ ತಲುಪಿತು. ಭಾಷೆ ಶುದ್ಧವಾಗಿದೆ, ಇಸವಿಗಳು ಸರಿಯಾಗಿವೆ, ಪಟ್ಟ ಶ್ರಮ ಎದ್ದು ಕಾಣುತ್ತದೆ. ಆದರೂ ಓದಿ ಮುಗಿಸಿದಾಗ ನನಗೆ ಸಿಟ್ಟು ಬಂದಿತ್ತು.

ಆಂಫೆಟಮೈನ್ ಎಂಬ ಉತ್ತೇಜಕದ ಬಗೆಗಿನ ನಿಮ್ಮ ಎರಡನೆಯ ಪ್ಯಾರಾ ಹೀಗಿದೆ: ‘1887ರಲ್ಲಿ ಆಂಫೆಟಮೈನ್ ಅನ್ನು ತಯಾರಿಸಲಾಯಿತು. 1930ರ ದಶಕದಲ್ಲಿ ಮಾರುಕಟ್ಟೆಗೆ ತರಲಾಯಿತು. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ನೀಡಲಾಯಿತು. ಬಳಿಕ ನಿಯಂತ್ರಿಸಲಾಯಿತು.’ ನಾಲ್ಕು ವಾಕ್ಯಗಳಲ್ಲಿ ಹುಡುಕಿದರೂ ಒಬ್ಬ ಮನುಷ್ಯ ಸಿಗುವುದಿಲ್ಲ.

ಮೊದಲನೆಯ ವಾಕ್ಯದಲ್ಲಿ ಲಾಜಾರ್ ಎಡೆಲೆಯಾನು ಇರಬೇಕಿತ್ತು. ಬರ್ಲಿನ್‌ನಲ್ಲಿ ಅದನ್ನು ತಯಾರಿಸಿದ ರೊಮೇನಿಯಾದ ರಸಾಯನಶಾಸ್ತ್ರಜ್ಞ ಆತ. ಎರಡನೆಯದರಲ್ಲಿ ಅಮೆರಿಕದ ಸ್ಮಿತ್, ಕ್ಲೈನ್ ಅಂಡ್ ಫ್ರೆಂಚ್ ಕಂಪನಿ ಇರಬೇಕಿತ್ತು. ಕಟ್ಟಿದ ಮೂಗಿಗೆಂದು ಅದು ಬೆಂಜೆಡ್ರಿನ್ ಇನ್‌ಹೇಲರ್ ಮಾರಿತು. ಆ ಪುಟ್ಟ ಕೊಳವೆಯೊಳಗಿನ ಕಾಗದದ ಪಟ್ಟಿಯಲ್ಲಿ 325 ಮಿಲಿಗ್ರಾಂ ಆಂಫೆಟಮೈನ್ ಇರುತ್ತಿತ್ತು. ಜನ ಕೊಳವೆ ಒಡೆದು ಪಟ್ಟಿಯನ್ನು ಕಾಫಿಯಲ್ಲಿ ನೆನೆಸಿ ಕುಡಿಯತೊಡಗಿದರು. ಈ ಒಂದು ವಿವರ ನಿಮ್ಮ ಇಡೀ ಪ್ಯಾರಾಕ್ಕಿಂತ ಹೆಚ್ಚು ಹೇಳುತ್ತದೆ.

ಮೂರನೆಯ ವಾಕ್ಯವನ್ನು ನಾನು ಕ್ಷಮಿಸಲಾರೆ. ‘ನೀಡಲಾಯಿತು’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಆಂಫೆಟಮೈನ್‌ನ ಹತ್ತಿರದ ಬಂಧುವಾದ ಮೆಥಾಂಫೆಟಮೈನ್ ಅನ್ನು ಪರ್ವಿಟಿನ್ ಎಂಬ ಹೆಸರಿನಲ್ಲಿ 1938ರಲ್ಲಿ ಮಾರುಕಟ್ಟೆಗೆ ಬಿಟ್ಟದ್ದು ಬರ್ಲಿನ್‌ನ ಟೆಮ್ಲರ್ ಕಂಪನಿ. ವಿದ್ಯಾರ್ಥಿಗಳ ಮೇಲೆ ಅದನ್ನು ಪ್ರಯೋಗಿಸಿ ನೋಡಿದವರು ಸೇನೆಯ ಶರೀರಶಾಸ್ತ್ರಜ್ಞ ಒಟ್ಟೊ ರಾಂಕೆ. 1940ರ ಏಪ್ರಿಲ್‌ನಿಂದ ಜುಲೈವರೆಗೆ ಜರ್ಮನ್ ಸೇನೆ ಮತ್ತು ವಾಯುಪಡೆಗೆ ಮೂರೂವರೆ ಕೋಟಿಗೂ ಹೆಚ್ಚು ಮಾತ್ರೆಗಳು ಹೋದವು. ಎದುರು ಪಾಳೆಯದ ಬ್ರಿಟಿಷ್, ಅಮೆರಿಕನ್ ಸೇನೆಗಳೂ ಬೆಂಜೆಡ್ರಿನ್ ಮಾತ್ರೆ ಹಂಚಿದವು. ಜಪಾನಿನಲ್ಲಿ ಯುದ್ಧ ಮುಗಿದ ಮೇಲೆ ಸೇನೆಯಲ್ಲಿ ಉಳಿದ ಮೆಥಾಂಫೆಟಮೈನ್ ದಾಸ್ತಾನು ಪೇಟೆಗೆ ಹರಿದು, ವ್ಯಸನ ಪಿಡುಗಿನಂತೆ ಹಬ್ಬಿ, 1951ರಲ್ಲಿ ಸರ್ಕಾರ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು.

ಇನ್ನು ನಿಮ್ಮ ಐದನೆಯ ಪ್ಯಾರಾ: ‘ದುರ್ಬಲ ಮನಸ್ಸಿನ ಯುವಕರು ಇದರ ದಾಸರಾಗುತ್ತಾರೆ.’ ನೋಡಿ, ಲೇಖನದಲ್ಲಿ ಮೊದಲ ಬಾರಿಗೆ ಮನುಷ್ಯರು ಕಾಣಿಸಿಕೊಂಡರು! ತಯಾರಿಸಿದವರು, ಮಾರಿದವರು, ಆದೇಶ ಕೊಟ್ಟವರು ಎಲ್ಲರೂ ನಿಮ್ಮ ವ್ಯಾಕರಣದ ಮರೆಯಲ್ಲಿ ಪಾರಾದರು. ಕಟಕಟೆಯಲ್ಲಿ ನಿಂತವನು ನುಂಗಿದವನೊಬ್ಬನೇ. ನೀವು ಬೇಕೆಂದೇ ಹೀಗೆ ಮಾಡಿಲ್ಲ ಎಂದು ಬಲ್ಲೆ. ಆದರೆ ವಾಕ್ಯ ಮಾಡಿದ ಅನ್ಯಾಯಕ್ಕೂ ಬರೆದವರೇ ಹೊಣೆ.

ನಾನು ಪತ್ರಿಕೆಯ ಡೆಸ್ಕಿಗೆ ಸೇರಿದ ಹೊಸತರಲ್ಲಿ ಹಿರಿಯ ಉಪಸಂಪಾದಕರೊಬ್ಬರು ಸಂಜೆ ಬರುವ ಪ್ರಕಟಣೆಗಳನ್ನೆಲ್ಲ ನನ್ನ ಮುಂದೆ ಹಾಕುತ್ತಿದ್ದರು. ‘ಕ್ರಮ ಕೈಗೊಳ್ಳಲಾಗಿದೆ’, ‘ತೆರವುಗೊಳಿಸಲಾಗಿದೆ’ ಎಂಬಂಥ ಕಡೆಗಳಲ್ಲಿ ಕೈಗೊಂಡವರ, ತೆರವು ಮಾಡಿಸಿದವರ ಹೆಸರನ್ನು ಫೋನ್ ಮಾಡಿ ತಿಳಿದುಕೊಂಡು ಸೇರಿಸಬೇಕಿತ್ತು. ಆ ಕಡೆಯವರು ಹೆಸರು ಹೇಳಲು ತಡವರಿಸಿದರೆ ಆ ಹಿರಿಯರ ಕಣ್ಣು ಮಿನುಗುತ್ತಿತ್ತು. ‘ಸುದ್ದಿ ಇರುವುದೇ ಅಲ್ಲಿ, ಬಿಡಬೇಡ’ ಎನ್ನುತ್ತಿದ್ದರು. ಅಂದು ಕಲಿತದ್ದು ಇಂದಿಗೂ ನನ್ನ ಕೈಬಿಟ್ಟಿಲ್ಲ. ನಿಮ್ಮ ಲೇಖನ ಓದುವಾಗಲೂ ಅದೇ ನನ್ನನ್ನು ಕೆಣಕಿತು.

ಇನ್ನೊಂದು ವಾಕ್ಯ: ‘ಈ ಔಷಧಗಳು ದೇಹಕ್ಕೆ ಅಪಾರ ಶಕ್ತಿ ನೀಡುತ್ತವೆ, ಆದರೆ ಅಪಾಯಕಾರಿ.’ ಮೊದಲರ್ಧವೇ ತಪ್ಪು. ಆಂಫೆಟಮೈನ್ ಸ್ನಾಯುವಿಗೆ ಏನನ್ನೂ ಉಣಿಸುವುದಿಲ್ಲ. ನರತುದಿಗಳಲ್ಲಿರುವ ಡೋಪಮೈನ್, ನಾರ್‌ಅಡ್ರಿನಾಲಿನ್ ಎಂಬ ಸಂದೇಶವಾಹಕ ರಾಸಾಯನಿಕಗಳನ್ನು ಹೊರದೂಡುತ್ತದೆ. ಎದೆಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಮೈಬಿಸಿ ಹೆಚ್ಚುತ್ತದೆ, ದಣಿವು ಮಾತ್ರ ಗೊತ್ತಾಗುವುದಿಲ್ಲ. 1967ರ ಜುಲೈ 13ರಂದು ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಬ್ರಿಟಿಷ್ ಸೈಕಲ್ ಸವಾರ ಟಾಮ್ ಸಿಂಪ್ಸನ್ ಸುಡುಬಿಸಿಲಿನಲ್ಲಿ ಮೋಂ ವಾಂಟೂ ಬೆಟ್ಟ ಏರುತ್ತಿದ್ದರು. ಶಿಖರ ಇನ್ನೇನು ಹತ್ತಿರವಿದೆ ಎನ್ನುವಾಗ ಬಿದ್ದರು. ಮತ್ತೆ ಸೈಕಲ್ ಏರಿದರು, ಸ್ವಲ್ಪ ದೂರದಲ್ಲೇ ಪುನಃ ಕುಸಿದರು. ಮೇಲೇಳಲಿಲ್ಲ. ಅವರ ದೇಹದಲ್ಲಿ ಆಂಫೆಟಮೈನ್ ಮತ್ತು ಮದ್ಯ ಎರಡೂ ಇದ್ದವು. ಇನ್ನು ಸಾಕು, ನಿಲ್ಲು ಎಂದು ದೇಹ ಕೂಗುತ್ತಿದ್ದಾಗ ಅದು ಅವರಿಗೆ ಕೇಳಿಸದಂತೆ ಮಾಡಿದ್ದು ಆ ಔಷಧ. ಅದನ್ನು ಶಕ್ತಿ ಎಂದು ಬರೆದರೆ, ಮಾರುವವನ ಮಾತನ್ನೇ ನೀವು ನಿಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದಂತಾಗುತ್ತದೆ.

ಕೊಕೇನ್ ಭಾಗದ ಬಗ್ಗೆ ನನ್ನ ತಕರಾರಿಲ್ಲ. ಕೊನೆಯಲ್ಲಿರುವ ‘ಯುವಜನತೆ ಎಚ್ಚೆತ್ತುಕೊಳ್ಳಬೇಕು’ ಎಂಬ ಕರೆಯನ್ನು ಮಾತ್ರ ತೆಗೆದುಹಾಕಿ. ಆ ಜಾಗದಲ್ಲಿ, ಬಿಡಲು ಹೊರಟವರ ಪಾಡನ್ನು ಬರೆಯಿರಿ. ದಿನಗಟ್ಟಲೆ ನಿದ್ದೆ, ಹಸಿವು, ಬದುಕೇ ಬೇಡವೆನ್ನಿಸುವ ಖಿನ್ನತೆ ಅವರನ್ನು ಕಾಡುತ್ತವೆ. ಅಫೀಮು ಜಾತಿಯ ವ್ಯಸನಕ್ಕೆ ಮೆಥಡೋನ್ ಇರುವಂತೆ ಈ ವ್ಯಸನಕ್ಕೆ ಸರ್ವಮಾನ್ಯವಾದ ಔಷಧವಿಲ್ಲ. ಆಪ್ತಸಮಾಲೋಚನೆ, ನಡವಳಿಕೆ ಚಿಕಿತ್ಸೆ ಮತ್ತು ಜೊತೆಗೆ ನಿಲ್ಲುವ ಜನರೇ ಅವರಿಗೆ ಆಸರೆ. ತಿದ್ದಿ ಕಳುಹಿಸಿದರೆ ಖಂಡಿತ ಓದುತ್ತೇನೆ.

ನಿಮ್ಮ,
ಸಂಪಾದಕ